ಇಳಿಗಾಳಿಯ ಬೆನ್ನು ಹತ್ತಿ

ಉಪಗ್ರಹದ ಚಿತ್ರದಲ್ಲಿ ಊರಿನ ಗಾಳಿ ಶುದ್ಧವಾಗಿತ್ತು. ಅದನ್ನೇ ನಂಬಿದ ಕಚೇರಿ, ಇಟ್ಟಿಗೆ ಗೂಡುಗಳ ಮೇಲಿನ ನಿರ್ಬಂಧ ತೆಗೆಯಲು ಹೊರಟಿತ್ತು. ಹವಾಮಾನ ಸಂಶೋಧಕಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅದೇ ಊರಿನಲ್ಲಿರುವ ಅವಳ ಅಕ್ಕನ ಮಗಳು ಸಂಜೆಯಾದರೆ ಉಸಿರಿಗೆ ಒದ್ದಾಡುತ್ತಿದ್ದಳು. ಉಪಗ್ರಹ ಹಾದುಹೋಗುವುದು ಮಧ್ಯಾಹ್ನ. ಆಗ ಗಾಳಿ ಹೊಗೆಯನ್ನು ಬೆಟ್ಟ ಹತ್ತಿಸುತ್ತದೆ, ಸಂಜೆ ತಿರುಗಿ ಊರಿಗೇ ಇಳಿಸುತ್ತದೆ ಎಂಬುದು ಅವಳ ಊಹೆ.

"ಊಹೆ ಬೇಡ, ಅಳತೆ ತನ್ನಿ," ಎಂದರು ಅಧಿಕಾರಿ.

ಹಾಗೆ ಅವಳು ಗಾಳಿಯಲ್ಲಿನ ಹೊಗೆಯ ಕಣಗಳನ್ನು ಅಳೆಯುವ ಕಣಮಾಪಕದ ಪೆಟ್ಟಿಗೆ ಹೊತ್ತು ಬೆಟ್ಟಕ್ಕೆ ಹೊರಟಳು. ಜೊತೆಗೆ ಒಬ್ಬ ತಂತ್ರಜ್ಞ, ಇನ್ನೊಬ್ಬ ಬೆಟ್ಟ ಹತ್ತಿಸುವವನು. ಅವನು ಹಾಕಿದ ಹಗ್ಗದ ಗಂಟನ್ನು ಯಾರಿಂದಲೂ ಬಿಚ್ಚಲಾಗದ್ದರಿಂದ ಎಲ್ಲರಿಗೂ ಅವನು ಗಂಟಣ್ಣ.

ಕುರುಚಲು ಮುಗಿದು ಕಲ್ಲುರಾಶಿ ಶುರುವಾಯಿತು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರಬೇಕು. ನೆತ್ತಿ ಮುಟ್ಟಿದಾಗ ಕೆಳಗೆ ಊರಿನ ಒಂದೊಂದು ಹಂಚೂ ಕಾಣುವಷ್ಟು ತಿಳಿಯಾಗಿತ್ತು. ಗೂಡುಗಳ ಹೊಗೆಯೆಲ್ಲ ಇಳಿಜಾರಿನುದ್ದಕ್ಕೂ ಏರಿ ಇವರ ಮೂಗಿಗೇ ಬಂದು, ಬೆನ್ನ ಹಿಂದಿನ ತಗ್ಗಿನಲ್ಲಿ ಗುಡ್ಡೆಬೀಳುತ್ತಿತ್ತು. ಗಂಟಣ್ಣ ಅಂಚಿನ ಬಂಡೆಗೆ ಮಾಪಕದ ಕೊಳವೆಯನ್ನು ಊರಿನ ಕಡೆ ಬಾಯಿ ಮಾಡಿ ಹಗ್ಗದಿಂದ ಬಿಗಿದ.

"ಅಲ್ಲಾಡಬಾರದು," ಎಂದಳು ಅವಳು.

"ಬಂಡೆ ಅಲ್ಲಾಡಿದ್ರೂ ಇದು ಅಲ್ಲಾಡಲ್ಲ, ಮೇಡಂ."

ಹೊತ್ತು ಇಳಿಯಿತು. ಗಾಳಿ ತಿರುಗಿತು.

ತಗ್ಗಿನ ಹೊಗೆ ಹಿಂದಿನಿಂದ ಮೇಲೆದ್ದು ಬಂತು. ಮಾಪಕದ ಅಂಕಿ ಮಾತ್ರ ಕುಸಿಯಿತು. ಅವಳು ಬಗ್ಗಿ ಅಂಚಿನತ್ತ ನೋಡಿದಳು. ಕೊಳವೆಯ ಬೆನ್ನಿಗೆ ಗಾಳಿ ಬಡಿಯುತ್ತಿತ್ತು. ಗಾಳಿಯ ಜೊತೆ ಕೊಳವೆಯ ಬಾಯಿಯನ್ನೂ ತಿರುಗಿಸಬೇಕಾಗುತ್ತದೆಂಬ ಯೋಚನೆ ಮೂವರಿಗೂ ಹೊಳೆದಿರಲಿಲ್ಲ.

"ಗಂಟು ಕತ್ತರಿಸಿಬಿಡೋಣ," ಎಂದಳು.

"ಕತ್ತರಿಸಿದ್ರೆ ಕೊಳವೆ ಪ್ರಪಾತಕ್ಕೆ ಹೋಗುತ್ತೆ," ಎಂದ ತಂತ್ರಜ್ಞ.

"ಬಿಚ್ಚಲೇಬೇಕು. ಈ ಗಾಳಿ ಅಂಚಿನಾಚೆಗೇ ತಳ್ಳುತ್ತೆ, ನಾನು ಜಾರಿದ್ರೆ ನನ್ನ ಭಾರ ನಿಮ್ಮಿಬ್ಬರ ಕೈಲಿ ನಿಲ್ಲಲ್ಲ," ಎಂದ ಗಂಟಣ್ಣ. "ಮೇಡಂ, ನೀವು ಹೋಗಿ. ಹಗ್ಗ ನಾನು ಹಿಡೀತೀನಿ."

ಅವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿನತ್ತ ಹೊಟ್ಟೆಯ ಮೇಲೆ ತೆವಳಿದಳು.

ಹೊಗೆ ಕಣ್ಣಿಗೆ ಹೊಕ್ಕಿತು. ಕೈಗವಸು ಕಳಚಿದಳು. ಬೆರಳು ಮರಗಟ್ಟಿತು.

"ಎಡಗಡೆ ಕುಣಿಕೆ ಮೊದಲು!" ಎಂದು ಹಿಂದಿನಿಂದ ಕೂಗಿದ ಗಂಟಣ್ಣ.

ಕಾಲು ಜಾರಿತು. ಹಗ್ಗ ಸೊಂಟವನ್ನು ಜಗ್ಗಿ ನಿಲ್ಲಿಸಿತು. ಗಂಟಣ್ಣನಿಗೆ ಬಾಯಿತುಂಬ ಶಾಪ ಹಾಕುತ್ತಲೇ ಅವಳು ಕುಣಿಕೆ ಸಡಿಲಿಸಿ, ಕೊಳವೆ ತಿರುಗಿಸಿ, ಮತ್ತೆ ಬಿಗಿದಳು.

"ಏರ್ತಿದೆ," ಎಂದ ತಂತ್ರಜ್ಞ. "ಇನ್ನೂ ಏರ್ತಿದೆ!"

ಇಳಿಯುವಾಗ ದಾರಿ ಕಾಣಲಿಲ್ಲ. ಒಂದೇ ಹಗ್ಗಕ್ಕೆ ಮೂವರೂ ಕಟ್ಟಿಕೊಂಡು, ಕಲ್ಲು ತಡವುತ್ತ, ಕೆಮ್ಮುತ್ತ ಇಳಿದರು. ಊರು ಮುಟ್ಟುವಷ್ಟರಲ್ಲಿ ಹೊಗೆ ಅವರಿಗಿಂತ ಮೊದಲೇ ಬೀದಿ ತುಂಬಿತ್ತು. ಅವಳು ಕಳಿಸಿದ ಅಂಕಿಗಳನ್ನು ಅಧಿಕಾರಿ ಫೋನಿನಲ್ಲಿ ಎರಡೆರಡು ಸಲ ಓದಿಸಿಕೊಂಡರು. "ನಿರ್ಬಂಧ ತೆಗೆಯೋದು ಬೇಡ," ಎಂದರು ಕೊನೆಗೆ.

ಅಕ್ಕ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದ್ದಳು. ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು.

"ಚಿಕ್ಕಮ್ಮ, ನಾನು ಸುಮ್ ಸುಮ್ನೆ ಕೆಮ್ತಿಲ್ಲ ಅಂತ ಆಫೀಸಿನವರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು ಕಂದ," ಎನ್ನಲು ಹೋಗಿ ಅವಳಿಗೂ ಕೆಮ್ಮು ಬಂತು.