ಚಾಲ್ಬಿಯ ಬಿಳಿ ಹೂ

"ಬಿಡಿ ಅದನ್ನ! ಬಿಡಿ ಅಂದ್ನಲ್ಲ...!"

ಶ್ರೀರಂಜನಿ ಚಿರಂತನನ ಕೈಯಲ್ಲಿದ್ದ ಹೂಗೊಂಚಲನ್ನು ಕಿತ್ತುಕೊಂಡಳು. ನೈರೋಬಿಯ ಕಿಲೆಲೆಶ್ವಾ ಬಡಾವಣೆಯಲ್ಲಿ, ಅವಳ ಫ್ಲಾಟಿನ ಬಾಗಿಲಲ್ಲಿ ನಿಂತಿದ್ದ ಅವನು ಒಂದು ಹೆಜ್ಜೆ ಹಿಂದೆ ಸರಿದ.

ಟೆಲಿಕಾಂ ಟವರಿನ ಕೆಲಸಕ್ಕೆಂದು ಉತ್ತರ ಕೆನ್ಯಾದ ಚಾಲ್ಬಿ ಮರುಭೂಮಿಗೆ ಹೋಗಿದ್ದವನು ಹಿಂದಿನ ಸಂಜೆಯಷ್ಟೇ ನೈರೋಬಿಗೆ ಮರಳಿದ್ದ. ಶಿವಪೂಜೆಗೆ ಇಲ್ಲಿ ತುಂಬೆ ಹೂ ಸಿಗುವುದಿಲ್ಲವೆಂದು ಎದುರು ಮನೆಯ ಇವಳು ಎಂದೋ ಹೇಳಿದ್ದನ್ನು ಅವನು ಮರೆತಿರಲಿಲ್ಲ.

"ಬೇಡ ಅಂದ್ರೆ ಬೇಡ ಅನ್ನಿ. ಹೀಗೆ ಅವಮಾನ ಮಾಡ್ಬೇಕಾ?"

"ಇದು ತುಂಬೆ ಅಲ್ಲ ರೀ!"

ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಗಿಡಮೂಲಿಕೆಗಳನ್ನು ಗುರುತಿಸುವುದು ಅವಳ ಉದ್ಯೋಗ. ಹೂಗಳು ಪುಟ್ಟವು, ಬಿಳಿಯವು. ಆದರೆ ಅವುಗಳ ಸಾಲು ಚೇಳಿನ ಬಾಲದಂತೆ ಸುರುಳಿಗೊಂಡಿತ್ತು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದಳು. ಗುಂಡಗಿತ್ತು. ತುಂಬೆಯ ಕಾಂಡಕ್ಕೆ ನಾಲ್ಕು ಅಂಚುಗಳಿರಬೇಕು.

"ಹೀಲಿಯೊಟ್ರೋಪ್. ಮರುಭೂಮಿಯ ಕಾಡುಹೂ. ಹೊಟ್ಟೆಗೆ ಹೋದ್ರೆ ಲಿವರ್ ಹಾಳಾಗುತ್ತೆ."

ಅವನ ಮುಖ ಬಿಳುಚಿತು.

"ಶೀತ ಆಗಿತ್ತು... ತುಂಬೆ ಸೊಪ್ಪಿನ ರಸ ಒಳ್ಳೇದು ಅಂತ ಅಮ್ಮ ಕೊಡ್ತಿದ್ರು. ಜೊತೆಗೆ ತಂದಿದ್ದನ್ನ ಬೆಳಿಗ್ಗೆ ಹಿಂಡಿ ಕುಡಿದೆ."

ದೇವರೇ... ಇವನಿಗೇನಾದರೂ ಆದರೆ?

ಇವನು ಹೊರಗಿನ ಕೆಲಸ ಮುಗಿಸಿ ಮರಳುವ ಹೊತ್ತಿಗೆ ಲಿಫ್ಟಿನ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದವಳು ಅವಳು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಹಿಂಡಿದ ಕಡ್ಡಿ ಎಲ್ಲಿ? ಆಸ್ಪತ್ರೇಲಿ ಮೊದಲು ಕೇಳೋದೇ ಯಾವ ಗಿಡ ಅಂತ!"

"ಅಡುಗೆಮನೆ ಕಸದ ಬುಟ್ಟೀಲಿ..."

ಅವಳು ಅವನ ಮನೆಗೆ ಓಡಿ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಚಹಾಪುಡಿಯ ನಡುವೆ ನಜ್ಜುಗುಜ್ಜಾದ ಕಡ್ಡಿಗಳು. ಮೊದಲನೆಯದಕ್ಕೆ ಅಂಚುಗಳಿದ್ದವು. ಇನ್ನೊಂದಕ್ಕೂ ಇದ್ದವು. ಮತ್ತೊಂದು ಪೂರ್ತಿ ಚಪ್ಪಟೆಯಾಗಿತ್ತು; ಏನೂ ತಿಳಿಯಲಿಲ್ಲ.

ಹಿಂದೆಯೇ ಬಂದಿದ್ದ ಅವನು ಕೆಮ್ಮಿದ. ಅವಳು ಥಟ್ಟನೆ ತಿರುಗಿ ಅವನ ಮುಖ ನೋಡಿದಳು.

ಆ ಕಡ್ಡಿಯನ್ನು ನಲ್ಲಿಯ ನೀರಿನಲ್ಲಿ ತೊಳೆದು, ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಅಂಚು... ಅಂಚು... ನಾಲ್ಕೂ ಇದ್ದವು!

"ತುಂಬೆ ಜಾತೀದೇ! ನೀವು ಕುಡಿದಿದ್ದು ತುಂಬೆನೇ! ಮತ್ತೆ ನನಗೆ ತಂದಿದ್ದು?"

"ಎರಡು ಕಡೆ ಕಿತ್ತಿದ್ದೆ. ಎಲ್ಲಾ ಒಂದೇ ಅಂದ್ಕೊಂಡೆ. ಚೆನ್ನಾಗಿ ಹೂ ಬಿಟ್ಟಿದ್ದನ್ನ ನಿಮಗೆ ಅಂತ ಎತ್ತಿಟ್ಟು, ಬರೀ ಸೊಪ್ಪಿದ್ದದ್ದನ್ನ ನಾನು ಹಿಂಡ್ಕೊಂಡೆ."

ಚೆಲುವಾದುದನ್ನು ಅವಳಿಗೆಂದು ತೆಗೆದಿಟ್ಟದ್ದರಿಂದಲೇ ಅವನು ಉಳಿದಿದ್ದ. ಅವಳು ಒದ್ದೆ ನೆಲದ ಮೇಲೆಯೇ ಕುಸಿದು ಕುಳಿತಳು. ಅಳು ತಡೆಯಲಾಗಲಿಲ್ಲ.

"ಅಯ್ಯೋ, ಈಗ್ಯಾಕ್ರೀ ಅಳು? ಬದುಕಿದ್ದೀನಲ್ಲ!"

"ಏನಾದ್ರೂ ಆಗಿದ್ರೆ ನಾನೇನ್ ಮಾಡ್ಬೇಕಿತ್ತೋ?"

ಅವನು ಪಕ್ಕದಲ್ಲಿ ಕುಳಿತ. "ಅಷ್ಟು ಹೆದರಿದ್ರಾ?"

"ಈಗ್ಲೂ ಹೆದರಿಕೆ ಇದೆ. ಏಳು, ಟ್ಯಾಕ್ಸಿ ಕರಿ. ಡಾಕ್ಟರಿಗೆ ತೋರಿಸ್ಲೇಬೇಕು."

"ಆಮೇಲೆ?"

"ಆಮೇಲೆ... ನಾನು ನೋಡದೆ ಏನನ್ನೂ ಬಾಯಿಗೆ ಹಾಕ್ಬಾರ್ದು."

"ಜೀವನಪೂರ್ತಿನಾ?"

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

"ಹ್ಞೂಂ... ಜೀವನಪೂರ್ತಿ."