ಹುಣ್ಣು ಇಳಿಸಿದ ಚೂರಿ

“ಅದೊಂದು ಬಿಟ್ಟು ಯಾವುದಾದ್ರೂ ತಗೊಳ್ಳಿ ಸಾಮಿ,” ಎಂದಳು ಕಮ್ಮಾರನ ಹೆಂಡತಿ ರುದ್ರಮ್ಮ. “ಅದರೊಳಕ್ಕೆ ಹುಣ್ಣು ಇಳಿಸವ್ರೆ.”

ಬದರಿನಾಥ ನಕ್ಕುಬಿಟ್ಟ. ೧೯೭೯ರ ಬೇಸಿಗೆ. ಮೈಸೂರಿನಿಂದ ಜಯನಗರದ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ಬಂದು, ಜೆ.ಪಿ. ನಗರದಲ್ಲಿ ಹೆಂಡತಿ ವಾರಿಜಾಳೊಂದಿಗೆ ಆಗಷ್ಟೇ ಬಾಡಿಗೆ ಮನೆ ಹಿಡಿದಿದ್ದ. ರಜೆ ಬಂತೆಂದರೆ ಮರ ಹತ್ತಿ, ಕೊಂಬೆಗೇ ಬೇರುಬಿಟ್ಟು ಬೆಳೆಯುವ ಬಂದಳಿಕೆ ಕೊಯ್ದು ತರುವ ಹುಚ್ಚು. ಮಡಚುವ ಚೂರಿ ಬಿಡಿಸಲು ಎರಡೂ ಕೈ ಬೇಕು. ಕೊಂಬೆ ತಬ್ಬಿ ಕೂತವನಿಗೆ ಒಂದೇ ಕೈ ಬಿಡುವು. ಅದಕ್ಕೇ ಕೊರಳಲ್ಲಿ ತಲೆಕೆಳಗಾಗಿ ತೂಗುವ, ಎಳೆದ ಕೂಡಲೇ ಕೈಗೆ ಬರುವ ಪುಟ್ಟ ಚೂರಿ ಹುಡುಕಿಕೊಂಡು ಚಿಕ್ಕಲಸಂದ್ರದ ಕುಲುಮೆಗೆ ಬಂದಿದ್ದ.

ಕಮ್ಮಾರ ಪಾಪಯ್ಯ ಗೋಣಿಚೀಲದ ಮೇಲೆ ಚೂರಿಗಳನ್ನು ಹರಡಿದ್ದ. ಒಂದು ಉದ್ದವಾಯಿತು, ಬಗ್ಗಿದರೆ ಹೊಟ್ಟೆಗೆ ತಿವಿಯುವಂಥದ್ದು. ಇನ್ನೊಂದರ ಹಿಡಿ ಭಾರ. ಮತ್ತೊಂದರ ಒರೆ ಸಡಿಲ, ತಿರುಗಿಸಿದರೆ ಜಾರಿ ಬೀಳುತ್ತಿತ್ತು. ಆಗ ಕಂಬದ ಮೊಳೆಗೆ ತೂಗಿದ್ದು ಕಣ್ಣಿಗೆ ಬಿತ್ತು. ಬೆರಳುದ್ದದ ಅಲಗು, ಕೊಂಬಿನ ಹಿಡಿ, ಬಿಗಿಯಾಗಿ ಕಚ್ಚಿದ ತೊಗಲಿನ ಒರೆ, ಕರಿ ದಾರ. ಅವನಿಗೆಂದೇ ಅಳತೆ ತೆಗೆದು ಮಾಡಿದಂತಿತ್ತು.

“ನಮ್ಮತ್ತೆಗೆ ಎದೇಲಿ ಹುಣ್ಣಾಗಿತ್ತು,” ರುದ್ರಮ್ಮ ದನಿ ತಗ್ಗಿಸಿದಳು. “ಮಂತ್ರಗಾರ ಬಂದು ಅದನ್ನ ಈ ಚೂರಿಗೆ ಇಳಿಸ್ದ. ಅತ್ತೆ ಹುಷಾರಾದ್ರು. ಕರಗಿಸೋಣ ಅಂದ್ರೆ ಬೆಂಕೀಲಿ ಕೆಂಪಗೇ ಆಗ್ಲಿಲ್ಲ. ಎಸೆದ್ರೆ ಯಾರಾದ್ರೂ ಎತ್ಕೋತಾರೆ ಅಂತ ಇಟ್ಕಂಡಿದೀವಿ.”

“ಡೆಟಾಲ್ ಹಾಕಿ ತೊಳ್ಕೋತೀನಿ ಬಿಡಮ್ಮ.”

ಪಾಪಯ್ಯ ದುಡ್ಡಿಗೆ ಕೈ ಚಾಚಲಿಲ್ಲ. ಬದರಿನಾಥನೇ ಮೊಳೆಯಿಂದ ಬಿಡಿಸಿ ಕೊರಳಿಗೆ ಹಾಕಿಕೊಂಡ. ಆಮೇಲೆ ಅದನ್ನು ತೆಗೆಯಲೇ ಇಲ್ಲ.

ಮೊದಲು ಬಂದದ್ದು ವಾಸನೆ. “ರೀ, ಎಲ್ಲೋ ಇಲಿ ಸತ್ತಿದೆ,” ಎಂದು ವಾರಿಜಾ ಟ್ರಂಕುಗಳನ್ನೆಲ್ಲ ಎಳೆದು ಫಿನೈಲ್ ಸುರಿದು ತೊಳೆದಳು. ವಾಸನೆ ಹೋಗಲಿಲ್ಲ, ಅವನು ಹೋದಲ್ಲಿಗೆ ಹೋಗುತ್ತಿತ್ತು. ತರಗತಿಯಲ್ಲಿ ಮುಂದಿನ ಬೆಂಚು ಖಾಲಿಯಾಯಿತು. ಊಟಕ್ಕೆ ಕೂತರೆ ಮೊಸರನ್ನ ನಾಲಿಗೆಯ ಮೇಲೆ ಬೆಚ್ಚಗೆ, ಉಪ್ಪುಪ್ಪಾಗಿ, ನೂಲುನೂಲಾಗಿ ಅಂಟುತ್ತಿತ್ತು. ಅಂಗಿ ಬಿಚ್ಚಿ ನೋಡಿದ. ಚೂರಿ ತಾಗುತ್ತಿದ್ದ ಜಾಗದಲ್ಲಿ ಎದೆ ಒಡೆದು, ಅಂಚು ತುಟಿಯಂತೆ ಹೊರಳಿತ್ತು. ಒಳಗಿನಿಂದ ಹಳದಿ ಕೀವು ಜಿನುಗುತ್ತಿತ್ತು.

ದಾರ ತೆಗೆಯಲು ಹೋದರೆ ಅದು ಕತ್ತಿನ ಚರ್ಮದೊಳಗೆ ಇಳಿದು, ಮೇಲೆ ಚರ್ಮ ಮುಚ್ಚಿಕೊಂಡಿತ್ತು. ತ್ಯಾಗರಾಜನಗರದ ಡಾಕ್ಟರು ಎದೆಯ ಬಳಿ ಅದಕ್ಕೆ ಕತ್ತರಿ ಹಾಕಿದರು. ದಾರದಿಂದ ರಕ್ತ ಬಂತು. ಡಾಕ್ಟರು ಕತ್ತರಿ ಕೆಳಗಿಟ್ಟು, ಕೈ ತೊಳೆಯುತ್ತ ನಿಂತುಬಿಟ್ಟರು.

ಮನೆಗೆ ಬಂದು ಬಚ್ಚಲಲ್ಲಿ ಚೂರಿ ಹಿರಿದ. ಅಲಗು ತಳತಳ ಹೊಳೆಯುತ್ತಿತ್ತು. ಒರೆಯೊಳಗೆ ಬೆರಳು ತೂರಿಸಿದ. ಒದ್ದೆ. ಬಿಸಿ. ಕೆನ್ನೆಯ ಒಳಮೈಯಂತೆ ಮೆತ್ತಗೆ. ಅದು ಬೆರಳನ್ನು ಚೀಪತೊಡಗಿತು. ಬದರಿನಾಥ ಬೆರಳು ಕಿತ್ತುಕೊಂಡು ವಾರಿಜಾಳನ್ನು ಕೂಗಿದ.

ವಾರಿಜಾಳೇ ಅವನನ್ನು ಕುಲುಮೆಗೆ ಕರೆದುಕೊಂಡು ಹೋದಳು. ರುದ್ರಮ್ಮ ಸೆರಗಿನಿಂದ ಮೂಗು ಮುಚ್ಚಿ ದೂರದಲ್ಲೇ ನಿಂತಳು.

“ಅದೇ ಚೂರೀಲಿ ಕೊಯ್ದು ತೆಗೀಬೇಕವ್ವ. ಕೊಯ್ಯೋರು ಮನಸಾರೆ ಹಿಡೀಬೇಕು. ಆದ್ರೆ ಆಮೇಲೆ ಅದು ಅವ್ರ ಕೈ ಬಿಡಲ್ಲ. ಇನ್ನೊಬ್ರು ಮನಸಾರೆ ಹಿಡಿಯೋಗಂಟ ಬಿಡಲ್ಲ.”

ವಾರಿಜಾ ಗಂಡನ ಮುಖ ನೋಡಿದಳು. ಬೇಡ ಅನ್ನುತ್ತಾನೇನೋ ಎಂದು ಸ್ವಲ್ಪ ಹೊತ್ತು ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ.

ಪಾಪಯ್ಯ ಅವನ ಭುಜ ಒತ್ತಿ ಹಿಡಿದ. ಅವಳು ಚೂರಿ ಹಿರಿದಳು. ಅಲಗು ಇಳಿಯಿತು. ಕೀವು ಚಿಮ್ಮಿ ಅವಳ ಕೆನ್ನೆಗೆ ಹಾರಿತು. ಅವಳು ನಿಲ್ಲಿಸಲಿಲ್ಲ. ಹುಣ್ಣು ಜಿಗಣೆಯಂತೆ ಅಲಗನ್ನು ಸೆಳೆದುಕೊಂಡಿತು. ಕೊಯ್ದಳು. ಒರೆ ಕಿರುಗುಟ್ಟಿತು. ಕೊಯ್ದಳು. ದಾರ ಚರ್ಮ ಸೀಳಿಕೊಂಡು ಹೊರಬಂತು. ಮಾಂಸದ ಮುದ್ದೆಯೊಂದು ಬೂದಿಯಲ್ಲಿ ಬಿದ್ದು, ಬಾಯಿ ತೆರೆದು ಮುಚ್ಚಿ, ಸುಮ್ಮನಾಯಿತು.

ಎದೆಯ ಗಾಯ ಅಲ್ಲೇ ಒಣಗಿತು. ಬದರಿನಾಥ ಎಷ್ಟೋ ದಿನಗಳ ಮೇಲೆ ಉಸಿರು ತುಂಬ ಎಳೆದುಕೊಂಡ. ವಾರಿಜಾಳ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಆಟೋದಲ್ಲಿ ಅವನು ಆ ತುದಿಗೆ ಸರಿದು ಕೂತ. ಮನೆಯಲ್ಲಿ ಅವನ ಹಾಸಿಗೆ ನಡುಮನೆಗೆ ಬಂತು. ಆಮೇಲೆ ಅವಳ ತಟ್ಟೆ ಲೋಟ ಬೇರೆಯಾದವು. ಕೊಂಬಿನ ಹಿಡಿ ಅವಳ ಅಂಗೈಯೊಳಗೆ ಹೂತುಹೋಗಿ, ಬೆರಳುಗಳು ಕಪ್ಪಾಗಿ ಊದಿ, ಉಗುರುಗಳು ಸಡಿಲಗೊಂಡವು. ಇಷ್ಟು ದಿನ ತನ್ನ ಮೈಯಿಂದಲೇ ಬರುತ್ತಿದ್ದ ವಾಸನೆ ಅವಳಿಂದ ಬಂದಾಗ ಅವನಿಗೆ ಒಂದು ಗಳಿಗೆಯೂ ತಡೆಯಲಾಗಲಿಲ್ಲ.

ಒಂದು ಮಧ್ಯಾಹ್ನ ಅವನು ಉಣ್ಣುತ್ತಿದ್ದಾಗ ಕೋಣೆಯ ಬಾಗಿಲು ಅರ್ಧ ತೆರೆಯಿತು. ಸಂದಿಯಲ್ಲಿ ಆ ಕೈ ಬಂತು. ಬೆರಳ ಸಂದಿಗಳಲ್ಲಿ ಬಿಳಿ ಹುಳುಗಳು ಮೆಲ್ಲಗೆ ಹೊರಳುತ್ತಿದ್ದವು.

“ರೀ, ಒಂದು ದಿವಸದ ಮಟ್ಟಿಗೆ ನೀವು ಹಿಡ್ಕೊಳ್ತೀರಾ? ನಾಳೆ ನಾನೇ ವಾಪಸ್ ತಗೋತೀನಿ. ಸ್ವಲ್ಪ ನಿದ್ದೆ ಮಾಡ್ಬೇಕು.”

ಬದರಿನಾಥ ಪಂಚೆಯ ಅಂಚಿನಿಂದ ಮೂಗು ಮುಚ್ಚಿಕೊಂಡು ಎದ್ದ. ಬಾಗಿಲನ್ನು ಕಾಲಿನಿಂದ ನೂಕಿ, ಹೊರಗಿನಿಂದ ಚಿಲಕ ಹಾಕಿದ. ಒಂದು ಟವೆಲನ್ನು ನೀರಲ್ಲಿ ಅದ್ದಿ ಬಾಗಿಲ ಕೆಳಗಿನ ಸಂದಿಗೆ ತುರುಕಿದ. ಕೈ ತೊಳೆದು ಬಂದು, ತಟ್ಟೆಯ ಮುಂದೆ ಮತ್ತೆ ಕೂತ.