ತಪ್ಪು ಕೆನ್ನೆಯ ಮಚ್ಚೆ

"ಈ ಚಿತ್ರ ಕೆತ್ತಿ ಅಚ್ಚು ಹಾಕಿದೋರು ಯಾರು?"

ಶಿಕಾರಿಪುರದ ಆ ಸಣ್ಣ ಮುದ್ರಣಾಲಯದ ಹೊಸ್ತಿಲಲ್ಲಿ ನಿಂತು ವನಜ ಕೇಳಿದ ರಭಸಕ್ಕೆ, ಒಳಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಯುವಕ ಬೆಚ್ಚಿ ತಲೆಯೆತ್ತಿದ.

ಅವಳ ಕೈಯಲ್ಲಿ ಮುದುಡಿದ ವಾರಪತ್ರಿಕೆ. ಸೆರಗಿನ ಮೇಲೆಲ್ಲ ಬಸ್ಸಿನ ಧೂಳು. ಅತ್ತು ಅತ್ತು ಊದಿಕೊಂಡ ಕಣ್ಣು.

"ನಾನೇ ರೀ, ಜಯಪ್ಪ. ಯಾಕೆ, ಏನಾತು?"

"ಏನಾತು ಅಂತ ಕೇಳ್ತೀರಲ್ಲ! ನಮ್ಮಪ್ಪಯ್ಯ ಮೂರು ದಿನದಿಂದ ನೆಟ್ಟಗೆ ಅನ್ನ ಉಂಡಿಲ್ಲ. ಹೊರಗೆ ಕಾಲಿಟ್ರೆ ಸಾಕು, ಊರಿಗೆ ಊರೇ 'ಗಂಧಸಾಲೆ ಗುತ್ಯಪ್ಪ ಬಂದ' ಅಂತ ನಗ್ತೈತೆ. ಎಲ್ಲ ನಿಮ್ಮ ಕೈಯಿಂದಲೇ!"

ಜಯಪ್ಪ ಪತ್ರಿಕೆ ಬಿಡಿಸಿ ನೋಡಿದ. ಆ ವಾರದ ವ್ಯಂಗ್ಯಚಿತ್ರ. ಹೆರಿಗೆ ಆಸ್ಪತ್ರೆಯ ಮಂಚಗಳ ಮೇಲೆ ಸಾಲಾಗಿ ಮಲಗಿದ ಭತ್ತದ ಚೀಲಗಳು. ಒಂದು ಚೀಲದ ನಾಡಿ ಹಿಡಿದು ನರ್ಸಮ್ಮ ಕೇಳುತ್ತಾಳೆ, "ಗಂಡೋ ಹೆಣ್ಣೋ, ಸ್ವಾಮೀ?" ರುಮಾಲು ಸುತ್ತಿದ ದಪ್ಪ ಮೀಸೆಯ ಯಜಮಾನ ಎದೆಯುಬ್ಬಿಸಿ ಹೇಳುತ್ತಾನೆ, "ಗಂಡೂ ಅಲ್ಲ, ಹೆಣ್ಣೂ ಅಲ್ಲ... ಗಂಧಸಾಲೆ ಭತ್ತ!" ಯಜಮಾನನ ಎಡಗೆನ್ನೆಯ ಮೇಲೆ ಅವರೆಕಾಳಿನಷ್ಟು ದೊಡ್ಡ ಮಚ್ಚೆ. ಕೆಳಗೆ 'ಕೆಮ್ಮಣ್ಣು' ಎಂಬ ಸಹಿ.

"ಕೆಮ್ಮಣ್ಣು ಅವರ ಚಿತ್ರ ಸುಳ್ಳು ಹೇಳೋದಿಲ್ಲ ರೀ," ಎಂದ ಜಯಪ್ಪ. ದನಿ ಮೆತ್ತಗಿತ್ತು, ಆದರೆ ಅಲುಗಲಿಲ್ಲ. "ಅವರ ಮುಖ ನಾನು ಕಂಡಿಲ್ಲ. ಒಂದು ವರ್ಷದಿಂದ ಅವರ ಗೆರೆ ಕೆತ್ತಾ ಇದೀನಿ. ಅಂಥ ಧೈರ್ಯದ ಮನುಷ್ಯ ಈ ಸೀಮೆಯಲ್ಲೇ ಇಲ್ಲ. ಅವರನ್ನ ಬೈಯೋದಾದ್ರೆ ಬೇರೆ ಕಡೆ ಹೋಗಿ ಬೈರಿ."

ಬೈಯಲು ಬಂದ ವನಜಳಿಗೆ ಇದೇನು ಸಂಕಟ!

"ಚಿತ್ರ ಸುಳ್ಳು ಹೇಳಲಿಲ್ಲ. ನಿಮ್ಮ ಅಚ್ಚು ಸುಳ್ಳು ಹೇಳ್ತು!" ಎಂದವಳೇ ಮೇಜಿನ ಮೇಲಿದ್ದ ಪೆನ್ಸಿಲ್ ಕಸಿದುಕೊಂಡಳು. ರದ್ದಿ ಹಾಳೆಯ ಮೇಲೆ ಸರಸರನೆ ನಾಲ್ಕೇ ಗೆರೆ. ರುಮಾಲು, ಮೀಸೆ, ಉಬ್ಬಿದ ಕೆನ್ನೆ... "ಮಚ್ಚೆ ಇರಬೇಕಾದ್ದು ಇಲ್ಲಿ, ಬಲಗೆನ್ನೆಗೆ! ಪಂಚಾಯ್ತಿ ಚೇರ್ಮನ್ ಉಚ್ಚಂಗಪ್ಪನಿಗೆ ಇರೋದು ಬಲಗೆನ್ನೆಗೆ. ಎಡಗೆನ್ನೆ ಮಚ್ಚೆ ನಮ್ಮಪ್ಪಯ್ಯಂದು!"

ಜಯಪ್ಪ ಆ ಹಾಳೆಯನ್ನೇ ನೋಡುತ್ತ ನಿಂತ. ಮುಖ ಬಿಳುಚಿಕೊಂಡಿತು.

ಆ ಗೆರೆ ಅವನಿಗೆ ಗೊತ್ತಿತ್ತು. ಉಳಿ ಹಿಡಿದು ವಾರವಾರವೂ ಅದರ ಹಿಂದೆಯೇ ನಡೆದವನು ಅವನು.

"ನೀವು... ಕೆಮ್ಮಣ್ಣು... ನೀವೇನಾ?"

ಅಯ್ಯೋ! ಸಿಟ್ಟಿನಲ್ಲಿ ಏನು ಮಾಡಿಬಿಟ್ಟೆ! ವನಜ ಹಾಳೆಯನ್ನು ಕೈಯಲ್ಲಿ ಮುಚ್ಚಿದಳು. ಆದರೆ ತಡವಾಗಿತ್ತು.

---

ಸೊರಬ ಸೀಮೆಯ ಜಡೆ ಗ್ರಾಮದಿಂದ ಎರಡು ಮೈಲಿ ಆಚೆ ವನಜಳ ಊರು. ಅಪ್ಪ ಗುತ್ಯಪ್ಪ ಬೇಸಾಯದವನು, ಪಂಚಾಯ್ತಿ ಮೆಂಬರ್ ಕೂಡ. ಯಾರಿಗೂ ಎದುರು ಮಾತಾಡದ ಸಾಧು. ಮದುವೆಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ವನಜಳ ಕೈಯೇ ಕೈ ಎಂದು ಸುತ್ತಿನ ಹಳ್ಳಿಗಳಲ್ಲಿ ಹೆಸರು. ಅದೇ ಕೈ ಗುಟ್ಟಾಗಿ ಕಾಗದದ ಮೇಲೂ ಓಡುತ್ತಿತ್ತು. ರಸ್ತೆ ನುಂಗಿದ ಕಂಟ್ರಾಕ್ಟರು, ಶಾಲೆಗೆ ಬಾರದ ಮೇಷ್ಟ್ರು, ಹೆಣ್ಣುಮಕ್ಕಳಿಗೆ ಓದು ಯಾಕೆ ಎನ್ನುವ ಯಜಮಾನರು... ಎಲ್ಲರೂ ಅವಳ ಗೆರೆಗೆ ಸಿಕ್ಕವರೇ. 'ಕೆಮ್ಮಣ್ಣು' ಎಂದು ಸಹಿ ಹಾಕಿ ಜಡೆಯ ಅಂಚೆಪೆಟ್ಟಿಗೆಗೆ ಹಾಕಿಬಿಟ್ಟರೆ ಮುಂದಿನ ವಾರ ಶಿಕಾರಿಪುರದ ಪತ್ರಿಕೆಯಲ್ಲಿ ಅದು ಅಚ್ಚಾಗುತ್ತಿತ್ತು.

ಚಿತ್ರದ ಕೆಳಗೆ, ಮೂಲೆಯಲ್ಲಿ, ಪ್ರತಿಸಲವೂ ಒಂದು ಸಾಲು ಇರುತ್ತಿತ್ತು.

"ಕೆಮ್ಮಣ್ಣು ಅವರಿಗೆ: ನಿಮ್ಮ ಎತ್ತಿನ ಕಣ್ಣು ಕೆತ್ತಲು ಎರಡು ದಿನ ಹಿಡಿಯಿತು. ನಿಲ್ಲಿಸಬೇಡಿ."

"ಕೆಮ್ಮಣ್ಣು ಅವರಿಗೆ: ಈ ವಾರ ನಿಮ್ಮ ಚಿತ್ರ ಬಾರದೆ ಪತ್ರಿಕೆ ಬಡವಾಯಿತು. ಆರೋಗ್ಯವೇ?"

ಆ ಸಾಲುಗಳನ್ನು ಕತ್ತರಿಸಿ ಅವಳು ಸೀರೆಗಳ ನಡುವೆ ಇಟ್ಟುಕೊಂಡಿದ್ದಳು. ಬರೆಯುವವರು ಯಾರೋ, ಎಷ್ಟು ವಯಸ್ಸೋ... ಆದರೂ ಇಡೀ ಲೋಕದಲ್ಲಿ ತನ್ನನ್ನು ಆರೋಗ್ಯವೇ ಎಂದು ಕೇಳುವ ಒಬ್ಬರಿದ್ದಾರೆ!

ಭತ್ತದ ಚೀಲದ ಚಿತ್ರ ಮಾತ್ರ ಅವಳು ನಗಿಸಲು ಬರೆದದ್ದಾಗಿರಲಿಲ್ಲ. ಸರ್ಕಾರ ಊರಿಗೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟು ಏಳು ತಿಂಗಳಾಗಿತ್ತು. ಬಾಗಿಲಿಗೆ ಬೀಗ, ಒಳಗೆ ಚೇರ್ಮನ್ನರ ಸುಗ್ಗಿಯ ಭತ್ತ. ಪಕ್ಕದ ಮನೆಯ ಮೂಕಮ್ಮ ಆ ಬಾಗಿಲ ಮುಂದೆ ಗಾಡಿಯಲ್ಲೇ ಹೆತ್ತಳು. ಕೂಸು ಉಳಿಯಲಿಲ್ಲ. ಅಂದು ವನಜ ಅವಳ ಕೈ ಹಿಡಿದು ಗಾಡಿಯಲ್ಲೇ ಕೂತಿದ್ದಳು...

---

ವನಜ ಆಸ್ಪತ್ರೆಯ ಕತೆ ಹೇಳಿ ಮುಗಿಸಿದಾಗ ಜಯಪ್ಪ ಆ ಪತ್ರಿಕೆಯನ್ನು ಮತ್ತೆ ಬಿಡಿಸಿ ನೋಡಿದ.

"ನಾನು ಉಳಿ ಹಿಡಿಯೋದು ಕಲಿತದ್ದು ಸೊರಬದಲ್ಲಿ, ಗಂಧದ ಕೆತ್ತನೆಯೋರ ಹತ್ರ," ಎಂದ. "ಅಲ್ಲಿ ಕಂಡದ್ದನ್ನ ಕಂಡಂಗೆ ಕೆತ್ತಿದ್ರೆ ಸಾಕು. ಅಚ್ಚಿನಲ್ಲಿ ಹಂಗಲ್ಲ, ಎಡ ಬಲ ತಿರುಗ್ತೈತೆ. ಎತ್ತು, ಗಾಡಿ ಎತ್ತ ತಿರುಗಿದ್ರೂ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ತಪ್ಪು ನಂದೇ. ಮುಂದಿನ ವಾರ ಮಚ್ಚೆ ಬಲಗೆನ್ನೆಗೆ ಬರ್ತೈತೆ. ಮಾತು ಕೊಡ್ತೀನಿ."

"ನನ್ನ ಹೆಸರು?"

"ನನ್ನ ಬಾಯಿಂದ ಬರಲ್ಲ. ಪ್ರಾಣ ಹೋದ್ರೂ."

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ತಿರುಗದೆಯೇ ಕೇಳಿದಳು. "ಮೂಲೆಯ ಆ ಸಾಲು... ಬರೀತಿದ್ದೋರು ಯಾರು?"

ಜಯಪ್ಪ ಮೊಳೆಗಳ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕತೊಡಗಿದ. ಅವನ ಕಿವಿ ಕೆಂಪಾಗಿತ್ತು. ಉತ್ತರ ಬೇಕಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ವನಜಳಿಗೆ ದಾರಿ ಸವೆದದ್ದೇ ತಿಳಿಯಲಿಲ್ಲ.

---

ಮುಂದಿನ ವಾರ ಪತ್ರಿಕೆ ಬಂತು.

ಚಿತ್ರ ಇರಲಿಲ್ಲ! ಅದರ ಜಾಗದಲ್ಲಿ ಪತ್ರಿಕೆಯ ಒಡೆಯ ವೀರಬಸಪ್ಪನವರ ಹೆಸರಿನಲ್ಲಿ ಕ್ಷಮಾಪಣೆ. "ಕಳೆದ ಸಂಚಿಕೆಯ ಚಿತ್ರ ಕೇವಲ ಕಲ್ಪನೆ. ಅಂಥ ಆಸ್ಪತ್ರೆ ಎಲ್ಲಿಯೂ ಇಲ್ಲ. ಗೌರವಾನ್ವಿತ ಚೇರ್ಮನ್ನರ ಮನಸ್ಸಿಗೆ ನೋವಾಗಿದ್ದರೆ ವಿಷಾದಿಸುತ್ತೇವೆ."

ಮೂಲೆಯ ಸಾಲೂ ಇರಲಿಲ್ಲ.

ಅದೇ ದಿನ ಉಚ್ಚಂಗಪ್ಪ ಅವಳ ಮನೆ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ನಕ್ಕ. "ಗುತ್ಯಪ್ಪ, ಇನ್ನು ಹೆದರಬೇಡ ಮಾರಾಯ. ಆ ಅಚ್ಚಿನ ಜಯಪ್ಪ ನನ್ನ ಜಗಲಿ ಮೇಲೆ ಕೈಕಟ್ಟಿ ಕೂತು ಹೋದ. ಎಲ್ಲ ಮುಗೀತು!"

ಒಳಗಿದ್ದ ವನಜಳಿಗೆ ಎಲ್ಲ ಕೇಳಿಸಿತು.

*ಅವನ ಜಗಲಿ ಮೇಲಾ? ಪ್ರಾಣ ಹೋದ್ರೂ ಅಂದವನು... ವಾರ ಕಳೆಯೋದ್ರೊಳಗೆ ಮಾರಿಕೊಂಡುಬಿಟ್ಟನಾ?*

ಕತ್ತರಿಸಿಟ್ಟ ಸಾಲುಗಳನ್ನೆಲ್ಲ ಒಲೆಯ ಮುಂದೆ ತಂದಳು. "ಆರೋಗ್ಯವೇ?" ಎಂಬ ತುಂಡು ಬೆರಳಿಗೆ ಅಂಟಿಕೊಂಡಿತು. ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ. ಅಳು ಬಂತು. ಅತ್ತು ಮುಗಿದ ಮೇಲೆ ಅವಳು ಎದ್ದು ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪಯ್ಯ, ಆ ಚಿತ್ರ ಬರೆದೋಳು ನಾನು. ಬರೆದದ್ದು ಉಚ್ಚಂಗಪ್ಪನ್ನ. ಅಚ್ಚಿನಲ್ಲಿ ಮಚ್ಚೆ ತಪ್ಪು ಕೆನ್ನೆಗೆ ಬಿತ್ತು. ನಿಮ್ಮ ಮಾನ ಹೋಗೋಹಂಗಾತು... ಹೊಡೀರಿ ನನ್ನ."

ಗುತ್ಯಪ್ಪ ಹೊಡೆಯಲಿಲ್ಲ. ಕಂಬಕ್ಕೊರಗಿ ಕೂತಿದ್ದವನು ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈಯನ್ನು ತೋರಿಸಿದ.

"ತಪ್ಪು ಕೆನ್ನೆ ಅಂತೀಯಲ್ಲ ಮಗಾ... ಆಸ್ಪತ್ರೆ ಬೀಗದ ಕೈ ಯಾರ ಹತ್ರ ಐತೆ ನೋಡು. ಅವತ್ತು ಮೂಕಮ್ಮನ ಗಂಡ ಬಂದು ನನ್ನ ಕಾಲು ಹಿಡಿದ. ಚೇರ್ಮನ್ನರನ್ನ ಒಂದು ಮಾತು ಕೇಳಿ ಬರ್ತೀನಿ ಅಂತ ಹೋದೆ. ಬರೋದ್ರೊಳಗೆ ಎಲ್ಲ ಮುಗಿದಿತ್ತು." ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿದ. "ಜನ ನಕ್ಕಿದ್ದಕ್ಕೆ ನಾನು ಅನ್ನ ಬಿಟ್ಟಿಲ್ಲ. ಆ ಚಿತ್ರದಾಗೆ ನಾನು ಇದೀನಿ ಅಂತ ಗೊತ್ತಾಗಿ ಬಿಟ್ಟೆ."

ವನಜ ಅಪ್ಪನ ಪಾದದ ಹತ್ತಿರ ಕೂತಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

ಏಳುವಾಗ ಅವಳ ಮನಸ್ಸು ಗಟ್ಟಿಯಾಗಿತ್ತು. *ಪತ್ರಿಕೆ ಹಾಕದಿದ್ರೆ ಬೇಡ. ಅಚ್ಚಿನೋರೂ ಬೇಡ. ಗೋಡೆ ಐತೆ, ಕೈ ಐತೆ!*

---

ಮಾರನೆಯ ಬೆಳಗ್ಗೆ, ಊರೆಲ್ಲ ಎದ್ದು ಓಡಾಡುವ ಹೊತ್ತಿನಲ್ಲೇ, ವನಜ ಆಸ್ಪತ್ರೆಯ ಗೋಡೆಗೆ ಕೆಮ್ಮಣ್ಣು ಬಳಿದಳು. ಅದು ಒಣಗುತ್ತಲೇ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಬರೆಯತೊಡಗಿದಳು. ಆಳೆತ್ತರದ ಚೇರ್ಮನ್! ಮಂಚದ ಮೇಲೆ ಗೊರಕೆ ಹೊಡೆಯುವ ಚೀಲಗಳು! ಪಕ್ಕದಲ್ಲಿ ಬೀಗದ ಕೈ ಹಿಡಿದು ತಲೆತಗ್ಗಿಸಿದ ಇನ್ನೊಬ್ಬ ಮೆಂಬರ್. ಅಪ್ಪನನ್ನೂ ಅವಳು ಬಿಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಬರೆದಳು.

ಮೊದಲು ಬಂದವಳು ಮೂಕಮ್ಮ. ಏನೂ ಕೇಳದೆ ಹಿಟ್ಟಿನ ಬಟ್ಟಲು ಎತ್ತಿಕೊಂಡು ಪಕ್ಕದಲ್ಲಿ ನಿಂತಳು. ಆಮೇಲೆ ಒಬ್ಬೊಬ್ಬರಾಗಿ ಕೇರಿಯ ಹೆಂಗಸರೆಲ್ಲ ಬಂದರು.

ಉಚ್ಚಂಗಪ್ಪ ಓಡೋಡಿ ಬಂದ. "ಏಯ್! ಸರ್ಕಾರಿ ಗೋಡೆ ಮೇಲೆ ಗೀಚೋಕೆ ಎಷ್ಟು ಧೈರ್ಯ ನಿನಗೆ?"

ವನಜ ಕುಂಚ ಕೆಳಗಿಡದೆ ತಿರುಗಿದಳು. "ಗೋಡೆ ಸರ್ಕಾರದ್ದು ಅಂತ ನೀವೇ ಹೇಳಿದ್ರಿ, ಸಂತೋಷ. ಒಳಗಿರೋ ಭತ್ತ ಯಾವ ಸರ್ಕಾರದ್ದು ಅಂತಲೂ ಹೇಳಿಬಿಡ್ರಿ!"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ, ನಗು ಕಟ್ಟೆಯೊಡೆಯಿತು.

"ಇದನ್ನೆಲ್ಲ ಕಲಿಸಿಕೊಟ್ಟೋನು ಆ ಅಚ್ಚಿನವನೇ ಅಲ್ವಾ?" ಉಚ್ಚಂಗಪ್ಪ ಕೂಗಿದ. "ಎಷ್ಟು ಕೇಳಿದ್ರೂ ಬಾಯಿ ಬಿಡದೆ ಹೋದ. ಈಗ ಗೊತ್ತಾತು!"

ವನಜಳ ಕೈ ಗಕ್ಕನೆ ನಿಂತಿತು. *ಬಾಯಿ ಬಿಡದೆ... ಹೋದನಾ?*

"ಅವರಿಗೆ ಯಾರೂ ಕಲಿಸಿಲ್ಲ, ಚೇರ್ಮನ್ರೇ. ನಾನೇ ಅವರಿಂದ ಕಲಿತೋನು."

ಗುಂಪು ದಾರಿ ಬಿಟ್ಟಿತು. ಜಯಪ್ಪ! ಕಂಕುಳಲ್ಲಿ ಕಾಗದದ ಕಟ್ಟು, ಅಂಗೈ ತುಂಬ ಮಸಿ, ಕೆಂಪೇರಿದ ನಿದ್ದೆಗಣ್ಣು. ಜಡೆಯಲ್ಲಿ ಬಸ್ಸಿಳಿದು ನಡೆದೇ ಬಂದಿದ್ದ. ಕಟ್ಟು ಬಿಚ್ಚಿ ಹಂಚತೊಡಗಿದ. ಅದೇ ಚಿತ್ರ, ಮಚ್ಚೆ ಸರಿಯಾದ ಕೆನ್ನೆಯ ಮೇಲೆ!

"ಮರದ ಅಚ್ಚಿಗೆ ಮಸಿ ಬಳಿದು, ಒಂದೊಂದೇ ಹಾಳೆ ಅಂಗೈಯಲ್ಲಿ ಒತ್ತಿ ತೆಗೆದೆ," ಎಂದ ವನಜಳಿಗಷ್ಟೇ ಕೇಳುವಂತೆ. "ನಿನ್ನೆ ಶಿರಾಳಕೊಪ್ಪದ ಸಂತೆಯಲ್ಲಿ ಇನ್ನೂರು ಹಂಚಿದೆ. ಮಾತು ಕೊಟ್ಟಿದ್ನಲ್ಲ... ಒಂದು ದಿನ ತಡ ಆತು."

ಅಷ್ಟರಲ್ಲಿ ಗುತ್ಯಪ್ಪ ಮನೆಯ ಕಡೆಯಿಂದ ಬಂದ. ಗೋಡೆಯ ಮೇಲಿನ ತನ್ನ ಚಿತ್ರವನ್ನು ನೋಡಿದ, ಮಗಳನ್ನು ನೋಡಿದ. ಯಾರನ್ನೂ ಕೇಳಲಿಲ್ಲ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಬಾಗಿಲು ತೆರೆದ.

"ಗುತ್ಯಪ್ಪ! ನನ್ನ ಕೇಳದೆ..."

"ಒಂದು ಸಲ ಕೇಳೋಕೆ ಬಂದು ಕೂಸು ಕಳೆದೆ ಚೇರ್ಮನ್ರೇ. ಇನ್ನು ಕೇಳೋದಿಲ್ಲ. ಚೀಲ ಹೊರಕ್ಕೆ ಹಾಕ್ತೀವಿ, ಗಾಡಿ ತರಿಸಿಕೊಳ್ರಿ."

ಗಂಡಸರು ಚೀಲ ಹೊತ್ತರು, ಹೆಂಗಸರು ಕಸಬರಿಗೆ ಹಿಡಿದರು. ಉಚ್ಚಂಗಪ್ಪ ಸ್ವಲ್ಪ ಹೊತ್ತು ಕೂಗಾಡಿದ. ಕೇಳುವವರು ಯಾರೂ ಇಲ್ಲವೆಂದು ಕಂಡ ಮೇಲೆ ಗಾಡಿಗೆ ಹೇಳಿ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಮಂಚಗಳು ಬರಿದಾಗಿ, ನೆಲ ತೊಳೆದು, ಕಿಟಕಿಗಳು ತೆರೆದುಕೊಂಡವು. ಖಾಲಿ ಮಂಚವೊಂದರ ಅಂಚಿನಲ್ಲಿ ಕೂತು ಮೂಕಮ್ಮ ಮೊದಲ ಸಲ ಬಾಯಿಬಿಟ್ಟು ಅತ್ತಳು. ವನಜ ಅವಳನ್ನು ತಬ್ಬಿಕೊಂಡಳು.

---

ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದ ಜಯಪ್ಪನ ಹತ್ತಿರ ವನಜ ಹೋಗಿ ನಿಂತಳು.

"ಅವನ ಜಗಲಿ ಮೇಲೆ ಕೂತಿದ್ರಿ ಅಂತ ಕೇಳಿ... ನಿಮ್ಮನ್ನ ತಪ್ಪು ತಿಳಿದೆ."

"ಚೇರ್ಮನ್ರು ಕರೆಸಿದ್ರು, ಹೋದೆ. ಚಿತ್ರ ಬರೆದೋರ ಹೆಸರು ಹೇಳು, ಇಲ್ಲ ಕೆಲಸ ಬಿಡು ಅಂದ್ರು ನಮ್ಮ ವೀರಬಸಪ್ಪನೋರು. ಕೆಲಸ ಬಿಟ್ಟೆ."

"ನನಗೋಸ್ಕರಾನಾ?"

"ಇಲ್ಲ ಅಂದ್ರೆ ಸುಳ್ಳಾಗ್ತೈತೆ."

ಅವಳು ತಲೆ ತಗ್ಗಿಸಿದಳು. ಎದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸೀತೇನೋ!

"ಸೊರಬದಲ್ಲಿ ಒಂದು ಹಳೇ ಅಚ್ಚಿನ ಯಂತ್ರ ಐತೆ," ಎಂದ ಜಯಪ್ಪ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತ. "ನಮ್ಮದೇ ಒಂದು ಪತ್ರಿಕೆ ಮಾಡೋಣ ಅಂತ... ಆದ್ರೆ ಒಬ್ಬನ ಕೈಲಿ ಆಗೋದಲ್ಲ."

"ಕೆಲಸಕ್ಕೆ ಜನ ಬೇಕಾ?"

"ಅಲ್ಲ ರೀ... ಮನೆಗೆ ಬೇಕು."

ವನಜಳ ಮುಖ ಕೆಂಪಾಯಿತು. ಆದರೂ ಅವಳು ಕಣ್ಣೆತ್ತಿ ನೇರವಾಗಿ ನೋಡಿದಳು. "ಮದುವೆ ಆದ್ಮೇಲೂ ನಾನು ಬರೀತೀನಿ."

"ಬರೀದಿದ್ರೆ ನಾನು ಬಿಡಬೇಕಲ್ಲ!"

"ನೀವು ತಪ್ಪು ಮಾಡಿದ್ರೆ ನಿಮ್ಮನ್ನೂ ಬರೀತೀನಿ."

"ಬರೀರಿ," ಅವನು ನಕ್ಕ. "ಕೆತ್ತೋನು ನಾನೇ ತಾನೇ? ಒಂದು ಗೆರೆನೂ ಬಿಡದಂಗೆ ಕೆತ್ತಿ ಕೊಡ್ತೀನಿ." ಆಮೇಲೆ ದನಿ ತಗ್ಗಿಸಿದ. "ನಾಳೆ ನಮ್ಮವ್ವನ್ನ ಕರಕೊಂಡು ಬಂದು ನಿಮ್ಮಪ್ಪಯ್ಯನ್ನ ಕೇಳ್ಲಾ?"

ವನಜ ಆಸ್ಪತ್ರೆಯ ಅಂಗಳದ ಕಡೆ ನೋಡಿದಳು. ಗುತ್ಯಪ್ಪ ಚೆಲ್ಲಿದ ಭತ್ತ ಗುಡಿಸುತ್ತಿದ್ದ.

"ಅವ್ವನ್ನ ನಾಳೆ ಕರಕೊಂಡು ಬನ್ನಿ," ಎಂದಳು ಅವಳು, ನಗು ತಡೆಯಲಾರದೆ. "ಅಪ್ಪಯ್ಯನ್ನ ಈಗಲೇ ಕೇಳಿ. ನಾನೂ ಜೊತೆಗೆ ಬರ್ತೀನಿ!"